ಎರಡು ಗೆರೆ, ಒಂದು ಬೊಟ್ಟು

ಆಗಸ್ಟ್ 7, 2024, ಬುಧವಾರ

ಪಂಕಜಾ ಮೇಡಂ ಇವತ್ತು ಈ ಸೆಮಿಸ್ಟರಿನ ದೊಡ್ಡ ಕೆಲಸ ಹಂಚಿದರು. ಅವರವರ ಮನೆತನದ ವಂಶಾವಳಿ ನಕ್ಷೆ, ಕಡಿಮೆಯೆಂದರೆ ನಾಲ್ಕು ತಲೆಮಾರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಾಯಿಲೆ ಇದ್ದರೆ ಒಳಗೆಲ್ಲ ಕಪ್ಪು, ಸತ್ತಿದ್ದರೆ ಮೇಲೊಂದು ಓರೆಗೆರೆ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಗಂಡ ಹೆಂಡತಿಯ ನಡುವೆ ಒಂದರ ಬದಲು ಎರಡು ಗೆರೆ. "ನಮ್ಮನೇಲಿ ಏನೂ ಇಲ್ಲ ಮೇಡಂ, ಏನ್ ಬರೆಯೋದು" ಎಂದು ಕ್ಲಾಸಿನವರೆಲ್ಲ ಗೊಣಗಿದರು. ನಾನು ಗೊಣಗಲಿಲ್ಲ. ನಮ್ಮ ಮನೆಯಲ್ಲಿ ಬೇಕಾದಷ್ಟಿದೆ.

ಅಮ್ಮ ಮದುವೆಯಾಗಿದ್ದು ತನ್ನ ಸೋದರಮಾವನನ್ನು, ಅಂದರೆ ಅಜ್ಜಿಯ ಕೊನೆಯ ತಮ್ಮನನ್ನು. ಮಾಡಿಸಿದ್ದು ಅಜ್ಜಿ. ನಕ್ಷೆಯಲ್ಲಿ ಅಪ್ಪ ಎರಡನೇ ಸಾಲು, ಅಮ್ಮ ಮೂರನೇ ಸಾಲು, ಹಾಗಾಗಿ ಅವರ ಜೋಡಿಗೆರೆ ಓರೆಯಾಗಿ ಇಳಿಯುತ್ತದೆ. ಅದರ ಫಲ ನಾಲ್ಕನೇ ಸಾಲಿನ ಮೂರನೆಯವನು. ನಮ್ಮ ಶಾಸ್ತ್ರದಲ್ಲಿ ಅವನನ್ನು 4–3 ಎಂದು ಬರೆಯಬೇಕು. ವಯಸ್ಸು ಹತ್ತೊಂಬತ್ತು. ಎಂಟಕ್ಕೆ ಬೀಳಲು ಶುರು ಮಾಡಿದ, ಹದಿನಾಲ್ಕಕ್ಕೆ ಗಾಲಿಕುರ್ಚಿ. ನನ್ನ ತಮ್ಮ.

ಅವನ ಎಂಟನೇ ವಯಸ್ಸಿನಲ್ಲಿ ಡಾಕ್ಟರೊಬ್ಬರು ಫೈಲು ಮುಚ್ಚುತ್ತ, "ಸ್ನಾಯು ಸೊರಗೋ ಕಾಯಿಲೆ. ಸಂಬಂಧದಲ್ಲಿ ಮದುವೆ ಆಗಿದೀರಲ್ಲ, ಅದಕ್ಕೇ" ಎಂದಿದ್ದರಂತೆ. ಆವತ್ತಿನಿಂದ ಅಮ್ಮ ಅಜ್ಜಿಗೆ ಊಟ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ. ಅಪ್ಪ ನೆಂಟರ ಮದುವೆಗಳಿಗೆ ಹೋಗುವುದನ್ನೇ ಬಿಟ್ಟ. ನಾನು ಮಾನವ ತಳಿವಿಜ್ಞಾನ ಓದಲು ಹೊರಟಿದ್ದೂ ಅದಕ್ಕೇ. ನೀನು ಮಾಡಿದ್ದು ಇದು ಎಂದು ಅಜ್ಜಿಗೆ ಒಂದು ದಿನ ಕಾಗದದ ಮೇಲೆ ತೋರಿಸಬೇಕು.

ಆಗಸ್ಟ್ 11, ಭಾನುವಾರ

ಪಕ್ಕದ ಸೈಟಿನಲ್ಲಿ ತಾರಸಿಗೆ ಮೋಲ್ಡ್ ಹಾಕುತ್ತಿದ್ದರು. ನಮ್ಮ ಬೋಗಾದಿ ಬಡಾವಣೆಯಲ್ಲಿ ಭಾನುವಾರವೂ ಬಿಡುವಿಲ್ಲ. ಆ ಗಲಾಟೆಯಲ್ಲೇ ಅಜ್ಜಿಯನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡೆ.

"ಗಂಡಸ್ಗೆ ಮನೆ, ಎಂಗಸ್ಗೆ ಸೊನ್ನೆಯಾ? ಚೆನ್ನಾಗದೆ ಕಣವ್ವ ನಿನ್ ಓದು" ಎಂದಳು.

"ಸೊನ್ನೆ ಅಲ್ಲ ಅಜ್ಜಿ, ವೃತ್ತ."

"ಏನೋ ಒಂದು."

ಅಪ್ಪನ ಅಣ್ಣಂದಿರಿಬ್ಬರು ಚಿಕ್ಕ ವಯಸ್ಸಿನಲ್ಲೇ ಕಾಲು ಸೋತು ಸತ್ತರೆಂದು ಮೊದಲೇ ಗೊತ್ತು. ನಾವು ಅವರನ್ನು ದೊಡ್ಡಪ್ಪಂದಿರು ಎನ್ನುತ್ತೇವೆ. ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ. ಅಜ್ಜಿ ಅವರ ಹೆಸರು ಹೇಳಲು ಹೊರಟಳು. "ಹೆಸರು ಬೇಡ ಅಜ್ಜಿ, ವಯಸ್ಸು ಹೇಳು ಸಾಕು" ಎಂದೆ. ಹದಿನೇಳು, ಹತ್ತೊಂಬತ್ತು. ಅಪ್ಪನ ಕಡೆ ಎರಡು ಕಪ್ಪು ಚೌಕ ತುಂಬಿದೆ. ಅವರ ತಂದೆ ತಾಯಿಯ ನಡುವೆಯೂ ಜೋಡಿಗೆರೆ ಎಳೆದೆ. ನಮ್ಮವರೆಲ್ಲ ಒಳಗೊಳಗೇ ತಂದುಕೊಂಡವರು, ಅದನ್ನೇನು ಕೇಳುವುದು.

ಎಲ್ಲ ಅಚ್ಚುಕಟ್ಟಾಗಿ ಕೂತಿತು. ಒಂದೇ ದೋಷ ಅಪ್ಪನಿಂದಲೂ ಅಮ್ಮನಿಂದಲೂ ಬಂದಾಗ ಮಾತ್ರ ಮಗುವಿಗೆ ಕಾಯಿಲೆ. ರಕ್ತಸಂಬಂಧವಿದ್ದರೆ ಇಬ್ಬರಲ್ಲೂ ಅದೇ ದೋಷ ಅಡಗಿರುವ ಸಂಭವ ಹೆಚ್ಚು. ಅಜ್ಜಿಗೆ ಇದನ್ನು ಬಿಡಿಸಿ ಹೇಳಿದೆ. ಅವಳು ತುಂಬ ಹೊತ್ತು ಹಾಳೆ ನೋಡಿ ನನಗೇ ವಾಪಸು ಕೊಟ್ಟಳು. ಗೆದ್ದೆ ಅನ್ನಿಸಿತು.

ಕೈವಾರ ಜಾರಿ ನನ್ನ ವೃತ್ತ ಸೊಟ್ಟಗಾಯಿತೆಂದು ಇಡೀ ಹಾಳೆಯನ್ನು ಮೂರು ಸಲ ಬರೆದೆ. ಸೊಟ್ಟ ಗೆರೆ ಕಂಡರೆ ನನಗಾಗದು.

ಆಗಸ್ಟ್ 16, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬಕ್ಕೆ ನಿಶ್ಚಿತಕ್ಕ ಯಾದವಗಿರಿಯ ಗಂಡನ ಮನೆಯಿಂದ ಬಂದಿದ್ದಳು. ನಾಲ್ಕನೇ ಸಾಲಿನ ಮೊದಲನೆಯವಳು, ಮದುವೆಯಾಗಿ ಎರಡು ವರ್ಷ. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಏಳು ವಾರ ಆಯ್ತು ಕಣೆ" ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮತ್ತೆ ಒಂದೇ ಸಮ ಕೇಳ್ತಾರೆ. ನಿನ್ ತಮ್ಮನ ಥರ ಏನಾದ್ರೂ ಆದ್ರೆ ಅಂತ. ನೀನು ಅದನ್ನೇ ಓದ್ತಿರೋಳು, ನಿಜ ಹೇಳು."

ನಕ್ಷೆ ತಂದು ತೋರಿಸಿದೆ. ಅವಳ ಮತ್ತು ಭಾವನ ನಡುವೆ ಒಂಟಿ ಗೆರೆ. "ನಿಂದು ಹೊರಸಂಬಂಧ. ಭಾವನ ಕಡೆಯಿಂದಲೂ ಅದೇ ದೋಷ ಬರ್ಬೇಕು ಅಂದ್ರೆ ಲಾಟರಿ ಹೊಡ್ದಂಗೆ. ಧೈರ್ಯವಾಗಿರು, ನಿಮ್ಮತ್ತೆಗೂ ಹೇಳು" ಎಂದೆ.

ಅಕ್ಕ ಅತ್ತುಬಿಟ್ಟಳು. ಹೋಗುವಾಗ ತಮ್ಮನ ಕುರ್ಚಿಯ ಹತ್ತಿರ ಬಗ್ಗಿ ಅವನ ತಲೆ ಸವರಿದಳು. ನನ್ನ ಓದು ಮನೆಗೆ ಉಪಯೋಗಕ್ಕೆ ಬಂದ ಮೊದಲ ದಿನ ಇದು.

ಆಗಸ್ಟ್ 27, ಮಂಗಳವಾರ

ಮೇಡಂ ನನ್ನ ಹಾಳೆಯನ್ನು ಮೊದಲು ಹೊಗಳಿದರು. ಆಮೇಲೆ ಪೆನ್ಸಿಲ್ಲಿನ ಹಿಂಬದಿಯಿಂದ ಎರಡು ಕಪ್ಪು ಚೌಕ ಮುಟ್ಟಿ, "ಇವರು ಯಾರು?" ಎಂದರು.

"ದೊಡ್ಡಪ್ಪಂದಿರು ಮೇಡಂ. ಅಪ್ಪನ ಕಡೆ."

"ನಿಮ್ಮ ತಾಯಿ ಇವರನ್ನ ಏನಂತ ಕರೀತಾರೆ?"

ಮನಸ್ಸಿನಲ್ಲೇ ಸಂಬಂಧ ಎಣಿಸಿದೆ. "ಮಾವ ಅಂತಾರೆ. ಸೋದರಮಾವಂದಿರು."

"ಹಾಗಾದ್ರೆ ಅಪ್ಪನ ಕಡೆ ಅಂತ ಯಾಕೆ ಅಂತೀರಿ?"

ಯಾಕೆಂದರೆ ನಾನು ಅವರನ್ನು ದೊಡ್ಡಪ್ಪ ಎಂದೇ ಕೇಳಿ ಬೆಳೆದೆ. ಅಪ್ಪನ ಅಣ್ಣಂದಿರು ಅಜ್ಜಿಗೆ ತಮ್ಮಂದಿರಾಗುತ್ತಾರೆ ಎಂಬುದು ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ. ಮೇಡಂ ಪೆನ್ಸಿಲ್ಲನ್ನು ಮೆಲ್ಲಗೆ ಸರಿಸಿದರು. ಕಪ್ಪು ಚೌಕಗಳಿಂದ ಮೇಲಕ್ಕೆ ಮುತ್ತಜ್ಜಿಗೆ, ಅಲ್ಲಿಂದ ಕೆಳಕ್ಕೆ ಅಜ್ಜಿಗೆ, ಅಮ್ಮನಿಗೆ, 4–3ಕ್ಕೆ. ಅಪ್ಪನನ್ನು ಮುಟ್ಟಲೇ ಇಲ್ಲ.

"ಕಾಯಿಲೆ ಬಂದೋರೆಲ್ಲ ಹುಡುಗರು. ಬಂದ ದಾರಿ ಪೂರ್ತಿ ಹೆಂಗಸರದು. ಮೇಲಿನ ಈ ಜೋಡಿಗೆರೆ ಯಾರನ್ನ ಕೇಳಿ ಎಳೆದ್ರಿ ಶಿಲ್ಪಶ್ರೀ?"

ಯಾರನ್ನೂ ಕೇಳಿರಲಿಲ್ಲ.

"ಇದು ಅನುಮಾನ ಅಷ್ಟೇ. ಮನೇಲಿ ಕೇಳಿ. ಆಮೇಲೆ ರಕ್ತ ಪರೀಕ್ಷೆ ಮಾಡಿಸೋಣ" ಎಂದರು. ಹಾಳೆ ವಾಪಸು ಕೊಡುತ್ತ, "ಅಕ್ಕತಂಗೀರಲ್ಲಿ ಯಾರಾದ್ರೂ ಬಸುರಿ ಇದಾರಾ?" ಎಂದೂ ಕೇಳಿದರು. ಹೌದೆಂದು ತಲೆ ಆಡಿಸಿದೆ.

ಆಗಸ್ಟ್ 28, ಬುಧವಾರ

ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಮ್ಮವ್ವ ಕೊಳ್ಳೇಗಾಲದ ಕಡೆಯೋಳು. ನಮ್ಮಪ್ಪಂಗೂ ಅವ್ಳಿಗೂ ಯಾವ್ ಸಂಬಂಧವೂ ಇರ್ನಿಲ್ಲ. ಮಠದಲ್ಲಿ ಸ್ವಾಮಿಗಳು ಕೂಡಿಸಿದ್ ಜೋಡಿ ಅದು. ಅವ್ವನ್ ಅಣ್ಣನೂ ಕಾಲ್ ಸೋತೇ ಓದ ಅಂತಿದ್ಲು."

"ಇದನ್ನ ಆವತ್ತೇ ಯಾಕೆ ಹೇಳ್ಲಿಲ್ಲ ಅಜ್ಜಿ?"

"ನೀನ್ ಕೇಳ್ನಿಲ್ವಲ್ಲ ಮಗ."

ಅಮ್ಮನನ್ನು ನಿನ್ನ ತಮ್ಮನಿಗೇ ಯಾಕೆ ಕೊಟ್ಟೆ ಎಂದೂ ಕೇಳಿದೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವೇನೋ. "ಎರಡು ಎಣ ಎದ್ದ ಮನೆ ಅಂತ ನಿಮ್ಮಪ್ಪ ಲಿಂಗರಾಜಂಗೆ ಯಾರೂ ಎಣ್ಣು ಕೊಡ್ನಿಲ್ಲ ಕಣವ್ವ. ಅವ್ನಿಗೂ ಬರ್ತದೆ ಅಂತ ಎದ್ರುತಿದ್ರು. ನಾ ಎತ್ತಿ ಸಾಕಿದ್ ಕೂಸು ಅವ್ನು. ಬ್ಯಾರೆಯೋರ್ ಮಗಳನ್ನ ಎಂಗ್ ಕೇಳ್ಲಿ? ನನ್ ಮಗಳ್ನೇ ಕೊಟ್ಬುಟ್ಟೆ."

ಊರೆಲ್ಲ ಹೆದರಿದ್ದು ಅಪ್ಪನ ರಕ್ತಕ್ಕೆ. ಅಪ್ಪನಲ್ಲಿ ಏನೂ ಇರಲಿಲ್ಲ. ಎಕ್ಸ್ ವರ್ಣತಂತು ಹೆಂಗಸರಿಗೆ ಎರಡು, ಗಂಡಸರಿಗೆ ಒಂದು. ಒಂದರಲ್ಲಿ ದೋಷವಿದ್ದರೂ ಇನ್ನೊಂದು ಹೆಂಗಸನ್ನು ಕಾಯುತ್ತದೆ, ಅವಳಿಗೆ ಗೊತ್ತೇ ಆಗುವುದಿಲ್ಲ. ಆ ದೋಷದ್ದೇ ಮಗನಿಗೆ ಹೋದರೆ ಅವನನ್ನು ಕಾಯಲು ಇನ್ನೊಂದಿಲ್ಲ. ಮೊದಲ ವರ್ಷದ ಪಾಠ ಇದು. ಇದಕ್ಕೆ ಸಂಬಂಧದ ಮದುವೆ ಬೇಕಾಗಿಲ್ಲ. ಹೊರಗೆ ಕೊಟ್ಟರೆ ತಪ್ಪುವುದೂ ಇಲ್ಲ.

ಹೊರಗೆ ಕೊಟ್ಟರೆ ತಪ್ಪುವುದೂ ಇಲ್ಲ. ಅಕ್ಕನಿಗೆ ಧೈರ್ಯ ಹೇಳಿ ಹನ್ನೆರಡು ದಿನವಾಯಿತು.

ಆಗಸ್ಟ್ 30

ಅಕ್ಕ ಫೋನ್ ಮಾಡಿದ್ದಳು. ತೆಗೆಯಲಿಲ್ಲ.

ಸೆಪ್ಟೆಂಬರ್ 1, ಭಾನುವಾರ

ಮೇಡಂ ಹೇಳಿದ ಕ್ರಮ ಹೀಗೆ. ಮೊದಲು ತಮ್ಮನ ರಕ್ತ. ದೋಷ ಯಾವುದು, ಎಲ್ಲಿದೆ ಎಂದು ಅದರಲ್ಲಿ ಸಿಕ್ಕರೆ ಅಕ್ಕನ ರಕ್ತದಲ್ಲಿ ಅದನ್ನೇ ಹುಡುಕುವುದು. ಅವಳಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಸಮಪಾಲು. ಇದ್ದರೆ ಆಮೇಲೆ ಹೊಟ್ಟೆಯಲ್ಲಿರುವ ಮಗುವಿನದು. ಎಲ್ಲ ಇವನಿಂದ ಶುರುವಾಗಬೇಕು.

ಅಪ್ಪ ಮತ್ತು ನಾನು ಅವನನ್ನು ಸ್ನಾನಕ್ಕೆ ಎತ್ತಿ ಕೂರಿಸಿ, ಬಟ್ಟೆ ಹಾಕಿ, ತಿರುಗಿ ಕುರ್ಚಿಗೆ ತಂದ ಮೇಲೆ ಹೇಳಿದೆ. ಅವನು ಮೊಬೈಲಿನಲ್ಲಿ ಚೆಸ್ ಆಡುತ್ತಿದ್ದವನು ಆಟ ನಿಲ್ಲಿಸಲಿಲ್ಲ.

"ಮಗು ನನ್ ಥರಾನೇ ಅಂತ ಗೊತ್ತಾದ್ರೆ ಏನ್ ಮಾಡ್ತಾರೆ?"

"ಅದು ಅಕ್ಕ ಭಾವ ತೀರ್ಮಾನ ಮಾಡೋದು. ನಾವು ಮಾಹಿತಿ ಮಾತ್ರ..."

"ನಿನ್ ನೋಟ್ಸ್ ಓದ್ಬೇಡ ಕಣಕ್ಕ. ಏನ್ ಮಾಡ್ತಾರೆ?"

ಕೈಯಲ್ಲಿದ್ದ ಟವೆಲ್ಲು ಮಡಚತೊಡಗಿದೆ.

"ಅಂದ್ರೆ ನನ್ ರಕ್ತ ತಗೊಂಡು ನನ್ನಂಥೋನು ಬರ್ದೇ ಇರೋ ಥರ ಮಾಡೋದು. ಚೆನ್ನಾಗಿದೆ." ಮೊಬೈಲು ಮಡಿಲಿಗೆ ಹಾಕಿಕೊಂಡ. "ನಾ ಕೊಡಲ್ಲ."

ಅವನು ಕುರ್ಚಿ ತಿರುಗಿಸಲು ಹೊರಟ. ಚಕ್ರ ನೆಲಹಾಸಿಗೆ ಸಿಕ್ಕಿಕೊಂಡಿತು. ನಾನೇ ಹೋಗಿ ಬಿಡಿಸಿ ಅವನು ಬಯಸಿದ ಕಡೆಗೆ, ಅಂದರೆ ನನಗೆ ಬೆನ್ನು ಮಾಡಿ, ತಿರುಗಿಸಿ ಬಂದೆ. ಎರಡು ವರ್ಷದಿಂದ ಈ ಕಾಯಿಲೆಯ ಬಗ್ಗೆ ಸೆಮಿನಾರು ಕೊಡುತ್ತಿದ್ದೇನೆ, ಅವನಿಗೆ ಏನನ್ನಿಸುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಾಗುತ್ತಿದೆ.

ಸೆಪ್ಟೆಂಬರ್ 3, ಮಂಗಳವಾರ

ಬೆಳಿಗ್ಗೆ ಅವನೇ ಕರೆದ.

"ಅಮ್ಮನ್ನ ಯಾರೂ ಕೇಳ್ಲಿಲ್ಲ ಅಲ್ವಾ? ಗೊತ್ತಿಲ್ದೆ ಹೆತ್ಲು, ಆಮೇಲೆ ಎಲ್ರೂ ಸೇರಿ ಅಂದ್ರು. ಅಕ್ಕನ್ನಾದ್ರೂ ಮೊದ್ಲೇ ಕೇಳ್ಲಿ. ಅವ್ಳು ಏನ್ ಬೇಕಾದ್ರೂ ಮಾಡ್ಕೊಳ್ಲಿ, ಗೊತ್ತಿದ್ದು ಮಾಡ್ಲಿ. ಕೊಡ್ತೀನಿ."

ನಾನು ಏನೋ ಹೇಳಲು ಹೋದೆ. ಅಂಗೈ ಸ್ವಲ್ಪ ಎತ್ತಿ ತಡೆದ. ಅವನ ಕೈ ಈಗ ಎದೆಯವರೆಗೂ ಏಳುವುದಿಲ್ಲ.

"ಒಂದ್ ಕಂಡೀಷನ್. ನಿನ್ ಹಾಳೆ ನೋಡ್ದೆ. ನಾಲ್ಕು ಮೂರು ಅಂತ ಬರ್ದಿದೀಯ. ನನ್ಗೊಂದು ಹೆಸರಿದೆ. ಆ ದೊಡ್ಡಪ್ಪಂದಿರ್ಗೂ ಇದ್ದಿರತ್ತೆ. ಅದನ್ನ ಬರಿ."

ನಕ್ಷೆಯಲ್ಲಿ ಹೆಸರು ಬರೆಯುವ ರೂಢಿ ಇಲ್ಲ, ಗುಟ್ಟು ಕಾಯಬೇಕು ಎಂದೆ. "ಮನೆಗೊಂದು ಬೇರೆ ಬರಿ ಮತ್ತೆ" ಎಂದ.

ಸಂಜೆ ಅಜ್ಜಿಯ ಜಡೆ ಬಾಚುತ್ತ ಕೇಳಿದೆ. ವೃಷಭೇಂದ್ರ, ಮಂಟಯ್ಯ. ವೃಷಭೇಂದ್ರ ಹಾಡುತ್ತಿದ್ದನಂತೆ. ಮಂಟಯ್ಯನಿಗೆ ಮುದ್ದೆ ಇಳಿಯುತ್ತಿರಲಿಲ್ಲ, ಅನ್ನವೇ ಆಗಬೇಕಿತ್ತು. ಅವನು ಹೋದ ದಿನ ಮನೆಯಲ್ಲಿ ಅನ್ನ ಮಾಡಿರಲಿಲ್ಲವಂತೆ, ಅಜ್ಜಿಗೆ ಅದು ಇನ್ನೂ ಕೊರೆಯುತ್ತದೆ. ಹೊಸ ಹಾಳೆಯಲ್ಲಿ ಎಲ್ಲರ ಹೆಸರು ಬರೆದೆ. ಗುರುಕಿರಣ್ ಎಂದು ಬರೆಯುವಾಗ ಅವನು ನೋಡುತ್ತಿದ್ದ. "ಣ್ ಸರಿಯಾಗಿ ಬರಿ" ಎಂದ.

ಸೆಪ್ಟೆಂಬರ್ 5, ಗುರುವಾರ

ಯಾದವಗಿರಿಗೆ ಹೋಗಿದ್ದೆ. ನಿಶ್ಚಿತಕ್ಕ ಬಾಗಿಲು ತೆಗೆದು ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. ಎಲ್ಲ ಹೇಳಿದೆ. ತಪ್ಪು ನನ್ನದು, ಕೇಳದೇ ಗೆರೆ ಎಳೆದೆ ಎಂದೂ ಹೇಳಿದೆ.

"ನಿನ್ ಮಾತು ನಂಬಿ ನಮ್ಮತ್ತೆ ಮುಂದೆ ಎದೆ ತಟ್ಕೊಂಡು ಹೇಳಿದೀನಿ ಕಣೆ. ಮಗೂಗೆ ಹೆಸರೂ ನೋಡ್ತಿದೀವಿ." ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಗೊತ್ತಿಲ್ಲ ಅಂತ ಹೇಳೋಕೆ ನಿನಗೆ ಏನಾಗಿತ್ತು ಶಿಲ್ಪ?"

ಏನೂ ಆಗಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೇ ನನಗಿರಲಿಲ್ಲ.

ಭಾವ ಒಳಗಿನಿಂದ ಬಂದು, "ಅವನು ರಕ್ತ ಕೊಡ್ತಾನಂತಾ?" ಎಂದು ಕೇಳಿದರು. ಹೂಂ ಎಂದೆ. ಅಕ್ಕ ಆಗ ಅತ್ತಳು.

ಸೆಪ್ಟೆಂಬರ್ 24, ಮಂಗಳವಾರ

ಗುರುಕಿರಣನ ವರದಿ ಬಂತು. ದೋಷ ಎಕ್ಸ್ ವರ್ಣತಂತುವಿನಲ್ಲೇ.

ಅಪ್ಪ ಕಡಕೊಳದ ಫ್ಯಾಕ್ಟರಿಯಿಂದ ಬಂದು ಶೂ ಕೂಡ ಬಿಚ್ಚಿರಲಿಲ್ಲ. ಹೇಳಿದೆ. "ಅಂದ್ರೆ ನಮ್ ಮದುವೆಯಿಂದ ಅಲ್ವಾ?" ಎಂದು ಕೇಳಿದ. ಅಲ್ಲಪ್ಪ ಎಂದೆ. ಮತ್ತೆ ಅದನ್ನೇ ಕೇಳಿದ. ಮೂರನೇ ಸಲ ಕೇಳುವಾಗ ದನಿ ಒಡೆಯಿತು. ಹನ್ನೊಂದು ವರ್ಷ ಅವನು ಅದನ್ನು ಹೊತ್ತು ತಿರುಗಿದ್ದ.

ಅಮ್ಮನಿಗೂ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಂಗಾದ್ರೆ ಮದುವೆ ಅಲ್ಲ. ನಾನು" ಎಂದಳು.

ಯಾರ ತಪ್ಪೂ ಅಲ್ಲ ಎಂಬ ವಾಕ್ಯ ನನ್ನ ಪುಸ್ತಕದ ಪುಟಪುಟದಲ್ಲಿದೆ, ಆ ಬಾಗಿಲವರೆಗೆ ಅದು ಹೋಗಲಿಲ್ಲ. ಅಜ್ಜಿ ಗೋಡೆ ಹಿಡಿದು ಎದ್ದು ಅಮ್ಮನನ್ನು ಹೆಸರು ಹಿಡಿದು ಕರೆದಳು. "ನೀನಲ್ಲ ಕಣೇ ಶಿವನಾಗಿ. ನಿಂಗ್ ಕೊಟ್ಟೋಳು ನಾನು. ನಂಗ್ ಕೊಟ್ಟೋಳು ನಮ್ಮವ್ವ. ಅವ್ಳಿಗ್ ಯಾರ್ ಕೊಟ್ರೋ, ಅವ್ಳಾದ್ರೂ ಎಲ್ ಕಂಡಿದ್ಲು?"

ಅಮ್ಮ ಒಳಗೆ ಹೋದಳು. ಪಾತ್ರೆಯ ಸದ್ದಾಯಿತು. ಸ್ವಲ್ಪ ಹೊತ್ತಿಗೆ, "ಅವ್ವ, ಕಾಫಿ ಕುಡೀತೀಯಾ?" ಎಂದು ಒಳಗಿನಿಂದಲೇ ಕೇಳಿದಳು. ಅಜ್ಜಿ ಕಾಫಿ ಕುಡಿಯುವುದು ಬಿಟ್ಟು ವರ್ಷವಾಗಿದೆ. "ಕುಡೀತೀನಿ" ಎಂದಳು.

ಕಾಯಿಲೆ ಇಲ್ಲದೆ ದೋಷ ಮಾತ್ರ ಹೊತ್ತ ಹೆಂಗಸಿಗೆ ವೃತ್ತದ ನಡುವೆ ಚುಕ್ಕೆ ಇಡಬೇಕು. ಹೆಸರಿರುವ ಹಾಳೆಯಲ್ಲಿ ಮುತ್ತಜ್ಜಿಗೆ, ಅಜ್ಜಿಗೆ, ಅಮ್ಮನಿಗೆ ಇಟ್ಟೆ. ಅಜ್ಜಿ ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

"ಇದೇನೇ, ನಂಗ್ ಬೊಟ್ಟು ಇಡ್ತಿದೀಯಾ? ಗಂಡ ಸತ್ತು ಮೂವತ್ ವರ್ಷ ಆಯ್ತು."

ಅದರ ಅರ್ಥ ಹೇಳಿದೆ. ಅವಳು ಹಣೆಯ ವಿಭೂತಿಯನ್ನು ಒಮ್ಮೆ ಮುಟ್ಟಿಕೊಂಡು, ತನ್ನ ಸೊನ್ನೆಯನ್ನೂ ಮಗಳ ಸೊನ್ನೆಯನ್ನೂ ನೋಡಿದಳು. "ಎಲ್ಲಾರ್ಗೂ ಒಂದೇ ಬೊಟ್ಟು" ಎಂದಳು.

ಸೆಪ್ಟೆಂಬರ್ 26, ಗುರುವಾರ

ನಿಶ್ಚಿತಕ್ಕ ರಕ್ತ ಕೊಟ್ಟಳು. ಅವಳ ಪಕ್ಕದ ಕುರ್ಚಿಯಲ್ಲಿ ಕೂತು ನಾನೂ ಕೊಟ್ಟೆ. ಮನೆಯಲ್ಲಿ ನನ್ನದನ್ನು ಹೇಳಿಲ್ಲ. ಗುರುಕಿರಣನಿಗೆ ಮಾತ್ರ ತೋಳಿನ ಹತ್ತಿ ಕಂಡುಬಿಟ್ಟಿತು.

ಅಕ್ಟೋಬರ್ 9, ಬುಧವಾರ

ಊರೆಲ್ಲ ದಸರಾ ದೀಪ. ಅಕ್ಕನಿಗೆ ಹದಿನಾಲ್ಕು ವಾರ ದಾಟಿತು. ಫೋನ್ ಬಂದಾಗಲೆಲ್ಲ ಅಮ್ಮ ಒಲೆ ಆರಿಸಿ ಬಾಗಿಲಿಗೆ ಬರುತ್ತಾಳೆ.

ಅಕ್ಟೋಬರ್ 15, ಮಂಗಳವಾರ

ಅಕ್ಕನಲ್ಲಿ ದೋಷ ಇಲ್ಲ.

ಮೇಡಂ ಎರಡು ಲಕೋಟೆ ಇಟ್ಟುಕೊಂಡಿದ್ದರು. ಮೊದಲು ಅಕ್ಕನದು ಕೊಟ್ಟರು, ಅವಳಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಆಮೇಲೆ ನನ್ನನ್ನು ಕೂರಿಸಿ, ಬಾಗಿಲು ಮುಂದಕ್ಕೆ ತಳ್ಳಿ, ನನ್ನದು ಕೊಟ್ಟರು.

ಅಕ್ಟೋಬರ್ 20, ಭಾನುವಾರ

ನಿಶ್ಚಿತಕ್ಕ, ಭಾವ ಊಟಕ್ಕೆ ಬಂದಿದ್ದರು. ಅಮ್ಮ ಶಾವಿಗೆ ಪಾಯಸ ಮಾಡಿದ್ದಳು. ಅಪ್ಪ ಕೊನೆಗೂ ಒಂದು ಮದುವೆಗೆ ಹೋಗಿಬರುತ್ತೇನೆ ಎಂದು ಇಸ್ತ್ರಿ ಶರಟು ಹಾಕಿಕೊಂಡು ಹೊರಟ. ಅಕ್ಕ ಗುರುಕಿರಣನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, "ನಂಗೆ ಖುಷಿ ಆಯ್ತು ಅಂತ ನಿನ್ ಮುಂದೆ ಹೇಳೋಕೆ ನಾಚಿಕೆ ಆಗ್ತದೆ ಕಣೋ" ಎಂದಳು. "ನಂಗೂ ಖುಷಿನೇ ಕಣಕ್ಕ. ನಾನು ಇದೀನಲ್ಲ, ಒಬ್ಬ ಸಾಕು ನಿಂಗೆ" ಎಂದ. ಇಬ್ಬರೂ ನಕ್ಕರು, ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು.

ಅವರು ಹೋದ ಮೇಲೆ ಗುರುಕಿರಣ್ ಹೆಸರಿನ ಹಾಳೆ ಕೇಳಿದ. ಅಂತಿಮ ನಕ್ಷೆ ನಾಳೆ ಕೊಡಬೇಕು, ಮನೆಯವರ ಒಪ್ಪಿಗೆಯಿದ್ದರೆ ಹೆಸರಿದ್ದರೂ ಸರಿ, ಈ ಹಾಳೆಯನ್ನೇ ನೋಡುತ್ತೇನೆ ಎಂದಿದ್ದಾರೆ ಮೇಡಂ. ಮಡಿಲ ಮೇಲೆ ಹಲಗೆ ಇಟ್ಟು ಹಾಳೆ ಹರಡಿದೆ. ಅವನು ಸಾಲುಸಾಲಾಗಿ ಓದಿದ. ಕೊನೆಯ ಸಾಲಿನಲ್ಲಿ ನಿಂತ.

"ನಿಂದು ಬಂತಾ?"

"ಬಂತು."

"ಯಾವತ್ತು?"

"ಅಕ್ಕಂದು ಬಂದಾಗ್ಲೇ."

"ಯಾರಿಗೂ ಹೇಳ್ಲಿಲ್ಲ."

"ಯಾರೂ ಕೇಳ್ಲಿಲ್ಲ" ಎಂದೆ. ಅಜ್ಜಿ ಆವತ್ತು ನನಗೆ ಹೇಳಿದ್ದ ಮಾತು. ಆಮೇಲೆ ತಡೆಯಲಾಗಲಿಲ್ಲ, ಅವನ ಕುರ್ಚಿಯ ಕೈ ಹಿಡಿದುಕೊಂಡು ಅತ್ತೆ. ಹೆದರಿಕೆಯಾಗುತ್ತದೆ ಎಂದು ಹೇಳಿದೆ. ಮುಂದೆ ನನಗೊಂದು ಮಗು ಎಂದರೆ ಏನು ಮಾಡುತ್ತೇನೋ ಗೊತ್ತಿಲ್ಲ ಎಂದೆ. ಅವನ ಮುಂದೆ ಅದನ್ನು ಹೇಳಬಾರದಿತ್ತೇನೋ. ಬೇರೆ ಯಾರ ಮುಂದೆಯೂ ಹೇಳಲಾರೆ.

ಅವನು ಅಳು ನಿಲ್ಲುವವರೆಗೆ ಕಾದ. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಈಗ್ಲೇ ಗೊತ್ತಾಗ್ಬೇಕು ಅಂತ ಏನಿದೆ?" ಎಂದ. ಆಮೇಲೆ, "ಪೆನ್ ಕೊಡು."

ಬೆರಳ ನಡುವೆ ಸಿಕ್ಕಿಸಿ ಕೊಟ್ಟೆ. ಮಣಿಕಟ್ಟನ್ನು ಹಲಗೆಗೆ ಆನಿಸಿಕೊಂಡು ಅವನು ಕೈಯನ್ನು ನನ್ನ ವೃತ್ತದವರೆಗೆ ಇಂಚಿಂಚಾಗಿ ತಳ್ಳಿದ. ನಾನು ಸಹಾಯಕ್ಕೆ ಹೋಗಲಿಲ್ಲ. ಅಜ್ಜಿ ಮಂಚದಿಂದಲೇ, "ಏನ್ ಮಾಡ್ತಿದೀರ ಇಬ್ರೂ?" ಎಂದಳು.

"ಶಿಲ್ಪಕ್ಕಂಗೆ ಬೊಟ್ಟು ಇಡ್ತಿದೀನಿ ಅಜ್ಜಿ."

ಅಜ್ಜಿ ಎದ್ದು ಬಂದು, ನನ್ನ ಹಿಂದೆ ನಿಂತು, ನನ್ನ ತಲೆಯ ಮೇಲೆ ಕೈ ಇಟ್ಟಳು. ಅವನು ಮುಗಿಸುವವರೆಗೂ ತೆಗೆಯಲಿಲ್ಲ.

ಬೊಟ್ಟು ನಡುವೆ ಬಿದ್ದಿಲ್ಲ, ಎಡಕ್ಕೆ ಸರಿದಿದೆ. ಪೆನ್ನು ಜಾರಿ ಪುಟ್ಟ ಬಾಲವೂ ಬಂದಿದೆ. ಇನ್ನೊಂದು ಹಾಳೆ ತೆಗೆದು ಬರೆಯಬಹುದು, ಹೊತ್ತಿದೆ. ಬರೆಯುವುದಿಲ್ಲ. ನಾಳೆ ಇದನ್ನೇ ಕೊಡುತ್ತೇನೆ.